ನಾಗಪ್ಪನ ಸಂಬಳ ಎಷ್ಟು?

ಯಶವಂತ ಚಿತ್ತಾಲರ ‘ಶಿಕಾರಿ’ ಓದಿದವರನ್ನು ಒಂದು ಪ್ರಶ್ನೆ ಕೇಳಿ ನೋಡಿ: ನಾಗಪ್ಪನಿಗೆ ತಿಂಗಳಿಗೆ ಎಷ್ಟು ಸಂಬಳ ಬರುತ್ತಿತ್ತು? ಪುಣೆಯಲ್ಲಿ ನಾವು ಏಳೆಂಟು ಜನ ಕೂಡಿ ಓದುವ ಬಳಗದಲ್ಲಿ ನಾನು ಕೇಳಿದ್ದೇನೆ. ನಾಗಪ್ಪನ ಭಯ ಎಲ್ಲರಿಗೂ ನೆನಪಿದೆ. ಅವನ ಅನುಮಾನಗಳು ನೆನಪಿವೆ, ಫಿರೋಜ್ ನೆನಪಿದ್ದಾನೆ, ಶ್ರೀನಿವಾಸ ನೆನಪಿದ್ದಾನೆ. ಸಂಬಳ ಯಾರಿಗೂ ನೆನಪಿಲ್ಲ. ಅಮಾನತಿನ ದಿನಗಳಲ್ಲಿ ಆ ಸಂಬಳ ಕೈಗೆ ಬರುತ್ತಿತ್ತೋ ಇಲ್ಲವೋ ಎಂದು ಕೇಳಿದರೆ ಜನ ಮುಖ ಮುಖ ನೋಡಿಕೊಳ್ಳುತ್ತಾರೆ. ಒಬ್ಬರಂತೂ, ‘ಅದೇನು ಸಂಬಳದ ಬಗ್ಗೆ ಇರುವ ಕಾದಂಬರಿಯೇ?’ ಎಂದು ನನ್ನನ್ನೇ ಕೇಳಿದರು.

ಅವರ ಪ್ರಶ್ನೆ ಸರಿಯಾದದ್ದೇ. ‘ಶಿಕಾರಿ’ 1979ರಲ್ಲಿ ಬಂದಾಗಿನಿಂದ ಅದನ್ನು ಓದುವ ಒಂದು ದಾರಿ ನಮಗೆ ಹಾಕಿಕೊಟ್ಟಿದೆ. ಮಹಾನಗರದ ಅನಾಥಪ್ರಜ್ಞೆ, ಬೇಟೆ ಮತ್ತು ಬೇಟೆಗಾರ, ಅಸ್ತಿತ್ವದ ಆತಂಕ, ಕೊನೆಗೆ ಕಾಫ್ಕಾ. ಕಾಲೇಜಿನ ಟಿಪ್ಪಣಿಗಳಿಂದ ಹಿಡಿದು ಗಂಭೀರ ಲೇಖನಗಳವರೆಗೆ ಈ ದಾರಿಯೇ ಸವೆದಿದೆ. ನಾನೂ ಹಾಗೆಯೇ ಓದಿದವನು. ಆದರೆ ಕಾದಂಬರಿ ಶುರುವಾಗುವುದು ಅಸ್ತಿತ್ವದ ಪ್ರಶ್ನೆಯಿಂದಲ್ಲ, ಕಂಪನಿಯೊಂದು ತನ್ನ ಅಧಿಕಾರಿಯನ್ನು ಅಮಾನತಿನಲ್ಲಿ ಇಡುವುದರಿಂದ. ಆರೋಪ ಗಂಭೀರವಾದದ್ದು ಎನ್ನುತ್ತಾರೆ, ಏನೆಂದು ಬಿಡಿಸಿ ಹೇಳುವುದಿಲ್ಲ. ಉಳಿದದ್ದೆಲ್ಲ ಅಲ್ಲಿಂದ ಹುಟ್ಟುತ್ತದೆ. ಆ ಅಮಾನತನ್ನು ಅಮಾನತಾಗಿಯೇ ಓದಿದರೆ ಏನಾಗುತ್ತದೆ ಎಂಬುದಷ್ಟೇ ಈ ಲೇಖನದ ಕುತೂಹಲ.

ಮೊದಲು ಕಾಫ್ಕಾನ ಹೋಲಿಕೆಯನ್ನೇ ನೋಡೋಣ. ‘ದಿ ಟ್ರಯಲ್’ನಲ್ಲಿ ಜೋಸೆಫ್ ಕೆ.ಯನ್ನು ಬಂಧಿಸಲು ಬಂದವರು ಅವನ ಬ್ಯಾಂಕ್ ಕೆಲಸಕ್ಕೆ ಅಡ್ಡಿ ಮಾಡುವುದಿಲ್ಲ. ನೀನು ಬಂಧಿತ, ಆದರೆ ಕೆಲಸಕ್ಕೆ ಹೋಗಬಹುದು ಎನ್ನುತ್ತಾರೆ. ಅವನು ಹೋಗುತ್ತಾನೆ. ನಾಗಪ್ಪನದು ಇದರ ತಿರುಗುಮುರುಗು. ಅವನನ್ನು ಯಾರೂ ಬಂಧಿಸಿಲ್ಲ, ಮುಂಬಯಿ ತುಂಬ ತಿರುಗಾಡಬಹುದು. ಆಫೀಸಿಗೆ ಮಾತ್ರ ಹೋಗುವಂತಿಲ್ಲ. ಕೆ.ಯ ಸ್ವಾತಂತ್ರ್ಯ ಹೋಗಿದೆ, ಸಂಬಳ ಉಳಿದಿದೆ. ನಾಗಪ್ಪನಿಗೆ ಸ್ವಾತಂತ್ರ್ಯ ಬೇಕಾದಷ್ಟಿದೆ, ಅದೇ ಅವನ ಶಿಕ್ಷೆ. ಇಬ್ಬರ ಮೇಲೂ ಹೊರಿಸಿದ ಆರೋಪ ಮಸುಕಾಗಿದೆ ಎಂಬ ಒಂದೇ ಕಾರಣಕ್ಕೆ ಇವರನ್ನು ಅಣ್ಣತಮ್ಮಂದಿರೆಂದು ಕರೆದುಬಿಟ್ಟರೆ ಚಿತ್ತಾಲರು ಕಂಡ ಹೊಸ ಸಂಗತಿ ಕೈಜಾರುತ್ತದೆ. ಸಂಬಳಗಾರನೊಬ್ಬನನ್ನು ಮುರಿಯಲು ನ್ಯಾಯಾಲಯವೂ ಬೇಡ, ಪೊಲೀಸರೂ ಬೇಡ, ನಾಳೆಯಿಂದ ಬರಬೇಡ ಎಂಬ ಕಾಗದ ಸಾಕು. ಪಾಲಿಮರ್ ತಂತ್ರಜ್ಞರಾಗಿ ಮುಂಬಯಿಯ ಕಂಪನಿಯಲ್ಲೇ ಆಯುಷ್ಯ ಕಳೆದ ಲೇಖಕರಿಗೆ ಇದು ಓದಿ ಗೊತ್ತಾದದ್ದಲ್ಲ.

ಕಾಫ್ಕಾನಲ್ಲೂ ಇಬ್ಬರಿದ್ದಾರೆ. ರಾತ್ರಿ ಕೂತು ‘ದಿ ಟ್ರಯಲ್’ ಬರೆದವನು ಒಬ್ಬ. ಇನ್ನೊಬ್ಬ, 1908ರಿಂದ 1922ರವರೆಗೆ ಪ್ರಾಗ್‌ನ ಕಾರ್ಮಿಕರ ಅಪಘಾತ ವಿಮಾ ಸಂಸ್ಥೆಯಲ್ಲಿ ಹಗಲು ದುಡಿದ ಕಾನೂನು ಪದವೀಧರ. ಈ ಎರಡನೆಯವನು ಮರ ಹೆರೆಯುವ ಯಂತ್ರಗಳ ಬಗ್ಗೆ ವರದಿ ಬರೆದ. ಚೌಕ ದಂಡದ ಯಂತ್ರ ಬೆರಳುಗಳನ್ನು ಹೇಗೆ ಕತ್ತರಿಸುತ್ತದೆ, ಉರುಳೆ ದಂಡದ ಯಂತ್ರ ಯಾಕೆ ಸುರಕ್ಷಿತ ಎಂದು ತುಂಡಾದ ಬೆರಳಿನ ಕೈಗಳ ಚಿತ್ರಗಳ ಸಮೇತ ವಿವರಿಸಿದ. ಆ ಬರವಣಿಗೆಯಲ್ಲಿ ಮಸುಕು ಎಂಬುದೇ ಇಲ್ಲ. ಯಾವ ಯಂತ್ರ, ಯಾವ ಬೆರಳು, ಎಷ್ಟು ಗಾಯ, ಎಲ್ಲವೂ ಸ್ಪಷ್ಟ. ಕನ್ನಡಕ್ಕೆ ನಾವು ಕರೆತಂದದ್ದು ರಾತ್ರಿಯ ಕಾಫ್ಕಾನನ್ನು ಮಾತ್ರ. ಹಗಲಿನವನನ್ನು ಅವನ ಆಫೀಸಿನಲ್ಲೇ ಬಿಟ್ಟು ಬಂದೆವು. ಹೀಗಾಗಿ ಕೆಲಸ ಕಳೆದುಕೊಂಡವನ ಸಂಕಟ ಬರೆಯಲು ನಮ್ಮಲ್ಲಿ ಒಳ್ಳೆಯ ಭಾಷೆ ಇದೆ, ಅವನ ದೂರು ಬರೆಯಲು ಇಲ್ಲ.

ಹಗಲಿನ ಬರವಣಿಗೆ ಹೇಗಿರುತ್ತದೆ ಎಂಬುದಕ್ಕೆ ಪ್ರಾಗ್‌ವರೆಗೆ ಹೋಗಬೇಕಿಲ್ಲ, ಕೋಲಾರ ಸಾಕು. ನಾಗಪ್ಪನ ಹಾಗೆಯೇ ಅಮಾನತಾದ ಒಬ್ಬ ಅಧಿಕಾರಿಯ ಕಥೆ ಸುಪ್ರೀಂ ಕೋರ್ಟಿನ 1999ರ ಮಾರ್ಚ್ ತಿಂಗಳ ತೀರ್ಪೊಂದರಲ್ಲಿದೆ. ಅವರು ಭಾರತ್ ಗೋಲ್ಡ್ ಮೈನ್ಸ್‌ನಲ್ಲಿ ಭದ್ರತಾ ಅಧಿಕಾರಿ. 1985ರ ಜೂನ್‌ನಲ್ಲಿ ಪೊಲೀಸರು ಅವರ ಮನೆ ಶೋಧಿಸಿ, 4.5 ಗ್ರಾಂ ತೂಕದ ಚಿನ್ನದ ಉಂಡೆಯೂ 1276 ಗ್ರಾಂ ಚಿನ್ನ ಬೆರೆತ ಮರಳೂ ಸಿಕ್ಕಿತು ಎಂದರು. ಅಮಾನತಾಯಿತು. ಒಂದೇ ಸಂಗತಿಯ ಮೇಲೆ ಒಂದು ಕಡೆ ಕ್ರಿಮಿನಲ್ ಮೊಕದ್ದಮೆ, ಇನ್ನೊಂದು ಕಡೆ ಇಲಾಖಾ ವಿಚಾರಣೆ. ಅಮಾನತಿನ ಕಾಲದಲ್ಲಿ ಕೊಡಬೇಕಾದ ಜೀವನಾಧಾರ ಭತ್ಯೆಯನ್ನು ಕೊಡಲಿಲ್ಲ. ಅವರು ಕೇರಳದ ತಮ್ಮ ಮನೆಗೆ ಹೋದರು. ವಿಚಾರಣೆ ಕೋಲಾರದಲ್ಲಿ ನಡೆಯಿತು. ಬರಲು ದುಡ್ಡಿಲ್ಲ, ಮೈಗೂ ಹುಷಾರಿಲ್ಲ, ಮುಂದೂಡಿ ಎಂದು ಕೇಳಿಕೊಂಡರು. ಮುಂದೂಡಲಿಲ್ಲ. ಅವರಿಲ್ಲದೆಯೇ ವಿಚಾರಣೆ ಮುಗಿಸಿ 1986ರ ಜೂನ್‌ನಲ್ಲಿ ವಜಾ ಮಾಡಿದರು. 1987ರ ಫೆಬ್ರವರಿಯಲ್ಲಿ ಕ್ರಿಮಿನಲ್ ನ್ಯಾಯಾಲಯ, ಶೋಧವೇ ಸಾಬೀತಾಗಿಲ್ಲ ಎಂದು ಅವರನ್ನು ಖುಲಾಸೆ ಮಾಡಿತು. ಆದರೂ ಕೆಲಸ ಮರಳಿ ಸಿಗಲು ಇನ್ನೂ ಹನ್ನೆರಡು ವರ್ಷ ಬೇಕಾಯಿತು.

ಈ ತೀರ್ಪನ್ನು ನಾನು ಸಾಹಿತ್ಯದ ಪಠ್ಯದಂತೆ ಎರಡು ಮೂರು ಸಲ ಓದಿದ್ದೇನೆ. ಅದರ ಶೈಲಿ ಒರಟು, ಕೆಲವೆಡೆ ಪುನರುಕ್ತಿ. ಆದರೆ ಇಡೀ ತೀರ್ಪು ಒಂದು ಸಣ್ಣ ಸಂಗತಿಯ ಮೇಲೆ ತಿರುಗುತ್ತದೆ: ಊರಿನಿಂದ ವಿಚಾರಣೆಯ ಜಾಗಕ್ಕೆ ಬರುವ ಪ್ರಯಾಣದ ಖರ್ಚು. ಅಮಾನತಾದ ಮಾತ್ರಕ್ಕೆ ನೌಕರಿ ಮುಗಿಯುವುದಿಲ್ಲ, ಮಾಲೀಕ ಮತ್ತು ನೌಕರನ ಸಂಬಂಧ ಹಾಗೆಯೇ ಇರುತ್ತದೆ, ಅನ್ನಕ್ಕೆ ದುಡ್ಡು ಕೊಡದೆ ಬಲಾಢ್ಯನ ಎದುರು ವಾದ ಮಾಡು ಎನ್ನುವುದು ವಿಚಾರಣೆಯೇ ಅಲ್ಲ ಎಂದು ನ್ಯಾಯಾಲಯ ಹೇಳಿತು. ಮತ್ತೆ ಕೆಲಸಕ್ಕೆ ತೆಗೆದುಕೊಳ್ಳಲು, ಅಮಾನತಿನ ದಿನದಿಂದ ಬಾಕಿ ಸಂಬಳ ಪೂರ್ತಿ ಕೊಡಲು ಆದೇಶಿಸಿತು. (2001ರ ಫೆಬ್ರವರಿಯ ಕೊನೆಗೆ ಗಣಿಯೇ ಮುಚ್ಚಿತು. ತೀರ್ಪಿನಲ್ಲಿ ಆ ಸಾಲು ಇರಲು ಸಾಧ್ಯವಿಲ್ಲ, ಓದುವವನ ತಲೆಯಲ್ಲಿ ಮಾತ್ರ ಇರುತ್ತದೆ.)

ಹಾಗಾದರೆ ನಾಗಪ್ಪನಂಥವನು ಈ ದಾರಿ ಯಾಕೆ ಹಿಡಿಯುವುದಿಲ್ಲ? ಸ್ವಭಾವದಿಂದ ಎಂಬುದು ವಿಮರ್ಶೆಯ ಉತ್ತರ: ಅಂತರ್ಮುಖಿ, ಬಾಲ್ಯದ ಗಾಯಗಳನ್ನು ಹೊತ್ತವನು, ತನ್ನನ್ನೇ ಶಂಕಿಸುವವನು. ಇದಕ್ಕಿಂತ ಒಣ ಉತ್ತರವೊಂದಿದೆ. ಕೋಲಾರದವರದು ಸರ್ಕಾರಿ ಕಂಪನಿ. ಅದರ ವಿರುದ್ಧ ಹೈಕೋರ್ಟಿಗೆ ರಿಟ್ ಹಾಕಬಹುದಿತ್ತು. ಖಾಸಗಿ ಕಂಪನಿಯ ಅಧಿಕಾರಿಗೆ ಆ ಬಾಗಿಲಿಲ್ಲ. ಇನ್ನೊಂದು ಬಾಗಿಲು ಕಾರ್ಮಿಕ ನ್ಯಾಯಾಲಯ. ಅದು ತೆರೆಯುತ್ತಿದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆಯ ಪ್ರಕಾರ ‘ಕಾರ್ಮಿಕ’ ಎನಿಸಿಕೊಂಡವನಿಗೆ ಮಾತ್ರ. ನಿರ್ವಾಹಕ ಅಥವಾ ಆಡಳಿತಾತ್ಮಕ ಕೆಲಸ ಮಾಡುವವನು ಆ ಪದದೊಳಗೆ ಬರುತ್ತಿರಲಿಲ್ಲ.

ಇಲ್ಲಿ ಒಂದು ಕಾಕತಾಳೀಯವಿದೆ. ‘ಶಿಕಾರಿ’ ಪ್ರಕಟವಾಗುವ ಹಿಂದಿನ ವರ್ಷ, 1978ರ ಫೆಬ್ರವರಿಯಲ್ಲಿ, ಬೆಂಗಳೂರು ಜಲಮಂಡಳಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ ತೀರ್ಪು ಕೊಟ್ಟಿತು. ಶುರುವಾದದ್ದು ತೀರ ಸಣ್ಣ ಜಗಳದಿಂದ. ನೌಕರರಿಗೆ ದಂಡ ಹಾಕಿ ಹಣ ವಸೂಲು ಮಾಡಿದ್ದರು, ಅವರು ಆ ಹಣ ವಾಪಸು ಕೊಡಿ ಎಂದು ಅರ್ಜಿ ಹಾಕಿದ್ದರು. ಮಂಡಳಿ ನಾವು ‘ಕೈಗಾರಿಕೆ’ಯೇ ಅಲ್ಲ ಎಂದಿತು. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಬರೆದ ತೀರ್ಪು ಆ ಪದವನ್ನು ಎಷ್ಟು ಅಗಲ ಮಾಡಿತೆಂದರೆ ಆಸ್ಪತ್ರೆ, ಶಾಲೆ, ಕ್ಲಬ್ಬುಗಳೂ ಒಳಗೆ ಬಂದವು. ಹೀಗೆ ‘ಕೈಗಾರಿಕೆ’ ಹಿಗ್ಗಿತು. ‘ಕಾರ್ಮಿಕ’ ಹಿಗ್ಗಲಿಲ್ಲ. ಅಮಾನತಾದವನಿಗೆ ಮೊದಲ 90 ದಿನ ಅರ್ಧ ಸಂಬಳ, ಆಮೇಲೆ ಮುಕ್ಕಾಲು ಎಂಬ ನಿಯಮ ಸ್ಥಾಯೀ ಆದೇಶಗಳ ಕಾಯ್ದೆಗೆ ಸೇರಿದ್ದು 1982ರಲ್ಲಿ, ಅದೂ ಕಾರ್ಮಿಕನಿಗೆ. ಅದೇ ವರ್ಷದ ಜನವರಿಯಲ್ಲಿ ದತ್ತಾ ಸಾಮಂತರ ನೇತೃತ್ವದಲ್ಲಿ ಮುಂಬಯಿಯ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆ ಮುಂಬಯಿಗೂ ನಮ್ಮ ಭಾಷೆಯಲ್ಲಿ ಕಾದಂಬರಿಕಾರರಿದ್ದರು. ವ್ಯಾಸರಾಯ ಬಲ್ಲಾಳರ ‘ಬಂಡಾಯ’ವನ್ನು ಈ ದೃಷ್ಟಿಯಿಂದ ‘ಶಿಕಾರಿ’ಯ ಪಕ್ಕದಲ್ಲಿಟ್ಟು ಯಾರಾದರೂ ವಿವರವಾಗಿ ಬರೆಯಬೇಕು. ನಾಗಪ್ಪ ಆ ಗಿರಣಿಗಳ ಊರಿನಲ್ಲೇ ಇದ್ದಾನೆ, ಆದರೆ ಒಂದು ಮಹಡಿ ಮೇಲಿದ್ದಾನೆ. ಯೂನಿಯನ್ ಅಲ್ಲಿಗೆ ಹತ್ತುವುದಿಲ್ಲ, ಕಾಯ್ದೆಯೂ ಹತ್ತುವುದಿಲ್ಲ.

ಈ ಬೆಳಕಿನಲ್ಲಿ ನೋಡಿದರೆ ಕಾದಂಬರಿಯ ರೂಪವೇ ಬೇರೆಯಾಗಿ ಕಾಣುತ್ತದೆ. ಕಂಪನಿ ನಡೆಸುವ ವಿಚಾರಣೆಗೆ ಕನ್ನಡದಲ್ಲಿ ‘ಆಂತರಿಕ ವಿಚಾರಣೆ’ ಎನ್ನುತ್ತೇವೆ. ಆ ಎರಡು ಪದಗಳನ್ನು ಅಕ್ಷರಶಃ ತೆಗೆದುಕೊಳ್ಳಿ, ಅದೇ ‘ಶಿಕಾರಿ’. ವಿಚಾರಣೆ ನಾಗಪ್ಪನ ತಲೆಯೊಳಗೆ ನಡೆಯುತ್ತದೆ. ಆರೋಪಿ ಅವನೇ, ಸಾಕ್ಷಿ ಅವನೇ, ಪಾಟೀಸವಾಲು ಹಾಕುವವನೂ ಅವನೇ. ಆರೋಪಪಟ್ಟಿ ಸಿಗದವನು ತನ್ನ ಆರೋಪಪಟ್ಟಿಯನ್ನು ತಾನೇ ಬರೆದುಕೊಳ್ಳುತ್ತಾನೆ, ಬಾಲ್ಯದಿಂದ ಶುರುಮಾಡಿ. ಹೊರಗೆ ನ್ಯಾಯದ ಜಾಗವಿಲ್ಲದ ಮನುಷ್ಯ ಅದನ್ನು ಒಳಗೆ ಕಟ್ಟಿಕೊಂಡಾಗ ಆಗುವ ಅನಾಹುತವನ್ನು ಚಿತ್ತಾಲರಷ್ಟು ನಿಖರವಾಗಿ ಕನ್ನಡದಲ್ಲಿ ಬೇರೆ ಯಾರೂ ಹಿಡಿದಿಲ್ಲ. ನನ್ನ ತಕರಾರು ಬೇರೆಡೆ. ಈ ವಿಚಾರಣೆಯ ಸೆಳೆತ ಎಷ್ಟು ಬಲವಾದದ್ದೆಂದರೆ ಓದುಗನೂ ಅದರಲ್ಲಿ ಸಿಕ್ಕಿಬೀಳುತ್ತಾನೆ. ಅವನ ಸಿಟ್ಟು ಫಿರೋಜನ ಮೇಲೆ, ಶ್ರೀನಿವಾಸನ ಮೇಲೆ ಹೋಗುತ್ತದೆ. ಆರೋಪ ಹೇಳದೆ ಒಬ್ಬನನ್ನು ಹೊರಗಿಡುವ ಅಧಿಕಾರ ಕಂಪನಿಗೆ ಎಲ್ಲಿಂದ ಬಂತು ಎಂಬ ಪ್ರಶ್ನೆ ಅವನಿಗೆ ಹೊಳೆಯುವುದೇ ಇಲ್ಲ. ಹಗೆತನಕ್ಕೆ ಮುಖಗಳು ಸಿಕ್ಕಿದ ಕೂಡಲೇ ಸಂಸ್ಥೆ ಹಿಂದಿನ ಬಾಗಿಲಿನಿಂದ ಹೊರಟುಹೋಗುತ್ತದೆ.

ಇದನ್ನೆಲ್ಲ ನಾನು ಯೋಚಿಸಲು ಶುರುಮಾಡಿದ್ದು ಪುಸ್ತಕ ಓದಿ ಅಲ್ಲ. ಧಾರವಾಡದ ಕಡೆಯ ಗೆಳೆಯನೊಬ್ಬ, ವಯಸ್ಸಿನಲ್ಲಿ ನನಗಿಂತ ಹತ್ತು ವರ್ಷ ಚಿಕ್ಕವನು, ಇಲ್ಲಿಯ ಒಂದು ಕಂಪನಿಯಲ್ಲಿ ಒಂಬತ್ತು ವರ್ಷ ಇದ್ದ. ಒಂದು ಸಂಜೆ ಹದಿನೈದು ನಿಮಿಷದ ವಿಡಿಯೋ ಕರೆಯಲ್ಲಿ ರಾಜೀನಾಮೆ ಕೊಡಲು ಹೇಳಿದರು. ಕೊಡುವುದಿಲ್ಲ ಎಂದ. ಮರುದಿನ ಲಾಗಿನ್ ಬಂದ್. ಎರಡು ತಿಂಗಳ ಸಂಬಳ, ರಜೆಯ ಹಣ ತಡೆಹಿಡಿದರು. ಕಾರ್ಮಿಕ ಆಯುಕ್ತರ ಕಚೇರಿಗೆ ಕೊಡಲು ತಾನೇ ಬರೆದ ದೂರನ್ನು ನನಗೆ ಕಳಿಸಿ, ‘ಸರ, ನೀವು ಕಥಿ ಕಾದಂಬರಿ ಓದವ್ರು, ಭಾಷಾ ಒಂಚೂರು ನೋಡ್ರಿ’ ಎಂದ. ಇಂಗ್ಲಿಷಿನಲ್ಲಿ ನಾಲ್ಕು ಪುಟ. ಮೊದಲ ತಾರೀಕು ಬಂದದ್ದು ಮೂರನೆಯ ಪುಟದಲ್ಲಿ. ಅದಕ್ಕೆ ಮುಂಚೆ ಇದ್ದದ್ದೆಲ್ಲ ‘ಶಿಕಾರಿ’: ಯಾರು ಯಾವಾಗ ಹೇಗೆ ನಕ್ಕರು, ಯಾವ ಮೀಟಿಂಗಿಗೆ ಕರೆಯಲಿಲ್ಲ, ತನ್ನಲ್ಲಿ ಏನು ಕೊರತೆ ಇದ್ದಿರಬಹುದು.

ವಕೀಲರು ಅದನ್ನು ಒಂದೂವರೆ ಪುಟಕ್ಕೆ ಇಳಿಸಿದರು. ಸೇರಿದ ದಿನ, ಹುದ್ದೆಯ ಹೆಸರು, ನಿಜವಾಗಿ ಮಾಡುತ್ತಿದ್ದ ಕೆಲಸ, ಕೊನೆಯ ಸಂಬಳ, ತೆಗೆದುಹಾಕಿದ ದಿನ, ನೋಟಿಸ್ ಕೊಟ್ಟಿಲ್ಲ, ವಿಚಾರಣೆ ನಡೆದಿಲ್ಲ, ಬಾಕಿ ಇಷ್ಟು, ಕೇಳುವ ಪರಿಹಾರ ಇದು. ಅವನು ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಿದ್ದ. ‘ಸರ, ಇದರಾಗ ನಾನ ಇಲ್ಲಲ್ರಿ’ ಎಂದ.

ಆ ಮಾತನ್ನು ನಾನು ಲಘುವಾಗಿ ತೆಗೆದುಕೊಳ್ಳಲಾರೆ. ಒಂಬತ್ತು ವರ್ಷ ಇದ್ದವನು ತನ್ನ ದೂರಿನಲ್ಲಿ ತನ್ನನ್ನು ಹುಡುಕುವುದು ಸಹಜ. ಆದರೆ ಆ ಒಂದೂವರೆ ಪುಟವನ್ನು ನಿಧಾನವಾಗಿ ಓದಿದರೆ ಅವನು ಇರುವ ಜಾಗ ಸಿಗುತ್ತದೆ. ವಕೀಲರು ಸೇರಿಸಿದ ಒಂದು ವಾಕ್ಯ: ವಜಾ ಆದಂದಿನಿಂದ ಅರ್ಜಿದಾರ ಬೇರೆಲ್ಲೂ ಸಂಬಳದ ಕೆಲಸದಲ್ಲಿಲ್ಲ. ಈ ನಕಾರದ ವಾಕ್ಯ ಇಲ್ಲದಿದ್ದರೆ ಬಾಕಿ ಸಂಬಳದ ಬೇಡಿಕೆಯೇ ಬೀಳಬಹುದು. ಇದರ ಹಿಂದೆ 2013ರ ಆಗಸ್ಟ್‌ನ ಸುಪ್ರೀಂ ಕೋರ್ಟ್ ತೀರ್ಪೊಂದಿದೆ. ಮಹಾರಾಷ್ಟ್ರದ ಶಾಲಾ ಶಿಕ್ಷಕಿಯೊಬ್ಬರನ್ನು ವಜಾ ಮಾಡಿದ್ದರು. ಶಾಲಾ ನ್ಯಾಯಮಂಡಳಿ ಪೂರ್ತಿ ಬಾಕಿ ಸಂಬಳ ಕೊಡಿಸಿತು. ತಾನು ನಿರುದ್ಯೋಗಿಯಾಗಿದ್ದೆ ಎಂದು ಆಕೆ ಸಾಬೀತು ಮಾಡಿಲ್ಲ ಎಂದು ಬಾಂಬೆ ಹೈಕೋರ್ಟ್ ಅದನ್ನು ತೆಗೆದುಹಾಕಿತು. ಸುಪ್ರೀಂ ಕೋರ್ಟ್ ಅದನ್ನು ಮರಳಿ ಕೊಟ್ಟಿತು. ನೌಕರ ಕೆಲಸವಿರಲಿಲ್ಲ ಎಂದು ಹೇಳಿದರೆ ಸಾಕು, ಇತ್ತು ಎಂದು ತೋರಿಸುವ ಹೊರೆ ಮಾಲೀಕನದು ಎಂದಿತು. ಇಲ್ಲದ್ದನ್ನು ಇಲ್ಲವೆಂದು ಸಾಬೀತು ಮಾಡುವುದು ಹೇಗೆ? ತರ್ಕಶಾಸ್ತ್ರದ ಈ ಹಳೆಯ ಕಗ್ಗಂಟನ್ನು ನ್ಯಾಯಮೂರ್ತಿ ಸಿಂಘ್ವಿ ಬಿಡಿಸುವುದು ತರ್ಕದಿಂದಷ್ಟೇ ಅಲ್ಲ. ದುಡಿಯುವವರ ಆದಾಯ ನಿಂತಾಗ ಇಡೀ ಕುಟುಂಬ ನರಳುತ್ತದೆ, ಮಕ್ಕಳ ಪೌಷ್ಟಿಕ ಆಹಾರ ತಪ್ಪುತ್ತದೆ, ಓದು ನಿಲ್ಲುತ್ತದೆ, ನೆಂಟರಿಷ್ಟರ ಹತ್ತಿರ ಸಾಲ ಎತ್ತಬೇಕಾಗುತ್ತದೆ ಎಂದು ಅವರು ಬರೆಯುತ್ತಾರೆ. ಕಾನೂನಿನ ಪಠ್ಯದ ನಡುವೆ ಒಂದು ಅಡುಗೆಮನೆ ಬಂದು ಕೂತಿದೆ. ನಮ್ಮ ನವ್ಯ ಕಾದಂಬರಿಗಳ ಎಷ್ಟು ಕಡೆ ಕೆಲಸ ಹೋದ ಗಂಡಸಿನ ಮನೆಯ ಮಕ್ಕಳ ಹಾಲಿನ ಲೆಕ್ಕ ಬರುತ್ತದೆ?

ಗೆಳೆಯನ ದೂರಿನಲ್ಲಿ ನನ್ನ ಕಣ್ಣು ಹೆಚ್ಚು ಹೊತ್ತು ನಿಂತದ್ದು ‘ಹುದ್ದೆಯ ಹೆಸರು, ನಿಜವಾಗಿ ಮಾಡುತ್ತಿದ್ದ ಕೆಲಸ’ ಎಂಬ ಜೋಡಿಯ ಮೇಲೆ. ಪ್ರಕರಣ ಉಳಿಯುವುದೂ ಬೀಳುವುದೂ ಅಲ್ಲಿ. ನಮ್ಮ ಉದ್ಯಮದಲ್ಲಿ ಐದಾರು ವರ್ಷ ಕಳೆದವರೆಲ್ಲ ಏನೋ ಒಂದು ‘ಮ್ಯಾನೇಜರ್’. ನನ್ನ ಕಾರ್ಡಿನ ಮೇಲೂ ಅದೇ ಇದೆ. ಯಾರನ್ನೂ ನೇಮಿಸುವ, ತೆಗೆಯುವ, ರಜೆ ಕೊಡುವ ಸ್ವಂತ ಅಧಿಕಾರವಿಲ್ಲದೆ ಇಡೀ ದಿನ ಎಕ್ಸೆಲ್ ಹಾಳೆ ತುಂಬುವ ಮ್ಯಾನೇಜರುಗಳು ಈ ಊರಲ್ಲಿ ಎಷ್ಟು ಜನ! ಬಡ್ತಿಯ ಪತ್ರದಲ್ಲಿ ಆ ಪದ ಕಂಡಾಗ ಊರಿಗೆ ಫೋನ್ ಮಾಡುತ್ತೇವೆ, ಅಮ್ಮ ನೆರೆಯವರಿಗೆ ಹೇಳುತ್ತಾಳೆ. ಅದೇ ಪದ ನ್ಯಾಯಾಲಯದಲ್ಲಿ ನಮ್ಮ ಮುಖದ ಮೇಲೆ ಬಾಗಿಲು ಹಾಕುತ್ತದೆ. ಚೆನ್ನೈನ ಕಾರ್ಮಿಕ ನ್ಯಾಯಾಲಯ ಈ ಬಾಗಿಲನ್ನು ಒಂದು ಸಲ ಸರಿಸಿ ನೋಡಿದೆ. 2015ರಲ್ಲಿ ದೊಡ್ಡ ಐಟಿ ಕಂಪನಿಯೊಂದು ತೆಗೆದುಹಾಕಿದ ಎಂಜಿನಿಯರ್ ಒಬ್ಬರಿಗೆ 2022ರಲ್ಲಿ ಪೂರ್ತಿ ಬಾಕಿ ಸಂಬಳದೊಂದಿಗೆ ಕೆಲಸ ಮರಳಿ ಕೊಡಲು ಆದೇಶಿಸಿತು. ಅವರು ನಿರ್ವಾಹಕ ದರ್ಜೆಯವರು ಎಂಬ ಕಂಪನಿಯ ವಾದವನ್ನು ಒಪ್ಪಲಿಲ್ಲ, ಮಾಡುತ್ತಿದ್ದ ಕೆಲಸ ತಾಂತ್ರಿಕವಾದದ್ದು ಎಂದಿತು. ಏಳು ವರ್ಷದ ಹೋರಾಟ ನಡೆದದ್ದು ಒಂದು ನಾಮಪದದ ಅರ್ಥಕ್ಕಾಗಿ. ಪದಗಳ ಬಗ್ಗೆ ಸೂಕ್ಷ್ಮ ಇರುವವರು ನಾವು ಎಂದುಕೊಳ್ಳುವ ಸಾಹಿತ್ಯದ ಓದುಗರು ಇದನ್ನು ಗಮನಿಸದೆ ಇರುವುದು ಸೋಜಿಗ.

2025ರ ನವೆಂಬರ್ 21ರಂದು ಜಾರಿಗೆ ಬಂದ ಹೊಸ ಸಂಹಿತೆಗಳು ಈ ಪದವನ್ನು ಸೀಳಿ ಎರಡು ಮಾಡಿವೆ. ವೇತನ ಸಂಹಿತೆಯಲ್ಲಿ ‘ನೌಕರ’ನೆಂದರೆ ನಿರ್ವಾಹಕನೂ ಸೇರಿ ಎಲ್ಲರೂ. ತೆಗೆದುಹಾಕಿದರೆ, ರಾಜೀನಾಮೆ ಕೊಟ್ಟರೆ ಎರಡು ಕೆಲಸದ ದಿನಗಳೊಳಗೆ ಸಂಬಳ ಚುಕ್ತಾ ಆಗಬೇಕು. ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿ ‘ಕಾರ್ಮಿಕ’ನೆಂದರೆ ಹಳೆಯ ಗಡಿಯೇ. ನಿರ್ವಾಹಕ ಹೊರಗೆ, ತಿಂಗಳಿಗೆ 18,000 ರೂಪಾಯಿಗಿಂತ ಹೆಚ್ಚು ಪಡೆಯುವ ಮೇಲ್ವಿಚಾರಕನೂ ಹೊರಗೆ. ಅಂದರೆ ಇವತ್ತಿನ ನಾಗಪ್ಪ ತನ್ನ ಬಾಕಿ ದುಡ್ಡು ಕೇಳಬಹುದು, ನನ್ನನ್ನು ಯಾಕೆ ತೆಗೆದಿರಿ ಎಂದು ಕೇಳಲು ಆ ಸಂಹಿತೆಯಡಿ ಅವನಿಗೆ ಜಾಗವಿಲ್ಲ. ‘ಯಾಕೆ’ ಎಂಬುದನ್ನು ಅವನು ಈಗಲೂ ತನ್ನನ್ನೇ ಕೇಳಿಕೊಳ್ಳಬೇಕು.

‘ಶಿಕಾರಿ’ಯನ್ನು ಇಳಿಸಲು ಇಷ್ಟೆಲ್ಲ ಹೇಳುತ್ತಿಲ್ಲ. ನಾಲ್ಕೂವರೆ ದಶಕದ ನಂತರವೂ ಅದು ಹಳತಾಗಿಲ್ಲ ಎನ್ನುತ್ತೇವಲ್ಲ, ಅದಕ್ಕೆ ಚಿತ್ತಾಲರ ಪ್ರತಿಭೆ ಎಷ್ಟು ಕಾರಣವೋ ಆ ಬಾಗಿಲು ಇನ್ನೂ ಮುಚ್ಚಿರುವುದೂ ಅಷ್ಟೇ ಕಾರಣ. ನನಗೆ ಓದಬೇಕೆನಿಸುವ ಕನ್ನಡ ಕಾದಂಬರಿ ಇನ್ನೂ ಸಿಕ್ಕಿಲ್ಲ. ಅದರಲ್ಲಿ ಸಂಧಾನಾಧಿಕಾರಿಯ ಕಚೇರಿಯ ಬೆಂಚು ಇರಬೇಕು, ಮುಂದೂಡಿದ ತಾರೀಕುಗಳು ಇರಬೇಕು, ಕಂಪನಿಯ ಪರವಾಗಿ ಬಂದು ‘ನನಗೆ ಸೂಚನೆ ಬಂದಿಲ್ಲ’ ಎನ್ನುವ ಎಚ್‌ಆರ್ ಹುಡುಗಿಯ ನಿದ್ದೆಗೆಟ್ಟ ಕಣ್ಣೂ ಇರಬೇಕು, ಅವಳೂ ಸಂಬಳದವಳೇ. ಪ್ರಯಾಣದ ಖರ್ಚು ಇರಬೇಕು. ಸಂಬಳ ಎಷ್ಟು ಎಂದು ಮೊದಲ ಅಧ್ಯಾಯದಲ್ಲೇ ಗೊತ್ತಾಗಬೇಕು.

ಗೆಳೆಯನ ಅರ್ಜಿ ಈಗ ಸಂಧಾನದ ಹಂತದಲ್ಲಿದೆ. ಮೊನ್ನೆ ಮನೆಗೆ ಬಂದಿದ್ದಾಗ ನನ್ನ ಕಪಾಟಿನ ಮುಂದೆ ನಿಂತು, ‘ಸರ, ನೀವು ಹೇಳ್ತಿದ್ರಲ್ಲ, ಆ ಶಿಕಾರಿ ಕೊಡ್ರಿ, ಟೈಮ್ ಅದ, ಓದತೀನಿ’ ಎಂದ. ಹಿಯರಿಂಗ್ ಮುಗಿಯಲಿ, ಆಮೇಲೆ ಕೊಡುತ್ತೇನೆ ಎಂದೆ.